ಎರಡನೆಯ ಇಂಟರ್ವಲ್

ನಮ್ಮೂರ ಟಾಕೀಸಿನಲ್ಲಿ ಇಂಟರ್ವಲ್ ಆದಾಗ ಸಿನಿಮಾದವರೂ ಹೊರಗೆ ಬರುತ್ತಾರೆ. ಪರದೆಯ ಎಡಕ್ಕೆ ಒಂದು ಸಣ್ಣ ಬಾಗಿಲಿದೆ, ಅಲ್ಲಿಂದ. ನೋಡುವ ಮಂದಿ ದೊಡ್ಡ ಬಾಗಿಲಿನಿಂದ ಬಂದು ಬೀಡಿ ಹಚ್ಚುವಷ್ಟರಲ್ಲಿ ಇವರು ನನ್ನ ಕ್ಯಾಂಟೀನಿನ ಮುಂದೆ ನಿಂತಿರುತ್ತಾರೆ. ಪರ ಊರಿನ ನೆಂಟರು ಇದನ್ನು ಕೇಳಿ ಬಾಯಿ ತೆರೆದುಕೊಂಡು ಕೂರುತ್ತಾರೆ. ನನಗೆ ಅದು ಹಾಲು ಉಕ್ಕುವ ಹೊತ್ತು, ಅಷ್ಟೇ. ಎಂತೆಂಥ ಹೀರೋಗಳಿಗೆ ನಾನು ಚಹಾ ಕೊಟ್ಟಿದ್ದೇನೆ! ಮುಕ್ಕಾಲು ಮಂದಿಗೆ ಕುಡಿದ ಲೋಟ ತಂದು ಕೊಡುವ ಮರ್ಯಾದೆಯೂ ಗೊತ್ತಿಲ್ಲ. ಖಳನಾಯಕರೇ ವಾಸಿ, ಲೋಟ ತೊಳೆದು ಬೋರಲು ಹಾಕಿ ಹೋಗುತ್ತಾರೆ.

ಇದಕ್ಕೆಲ್ಲ ಊರಿನಲ್ಲಿ ಒಂದು ರೀತಿ ರಿವಾಜು ಇದೆ. ಮುಂದಿನ ಕಥೆಯನ್ನು ಅವರಿಗೆ ಹೇಳಬಾರದು. ಸೆಕೆಂಡ್ ಹಾಫಿನಲ್ಲಿ ಸಾಯುವವನು ಎದುರಿಗೆ ನಿಂತು ಇನ್ನೊಂದು ಪ್ಲೇಟು ಭಜಿ ಕೇಳಿದರೆ ಕೊಡಬೇಕು, ಮುಖ ಸಪ್ಪಗೆ ಮಾಡಬಾರದು. ನಾನು ಅಂಥವರ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕುತ್ತೇನೆ. ಅಳುವ ಪಾತ್ರದ ಹೆಣ್ಣುಮಕ್ಕಳು ನನ್ನ ನೀರಿನ ಪೀಪಾಯಿಯ ಹತ್ತಿರ ಮುಖ ತೊಳೆಯುತ್ತಾರೆ, ಅವರಿಗೆಂದು ಬೇರೆ ಟವೆಲ್ಲು ಇಟ್ಟಿದ್ದೇನೆ. ಬೆಲ್ಲು ಆದ ಕೂಡಲೇ ಗೇಟ್‌ಕೀಪರ್ ಯಂಕೋಬ ಬೆತ್ತ ಹಿಡಿದು ಬಂದು ಎಲ್ಲರನ್ನೂ ಸಣ್ಣ ಬಾಗಿಲಿನೊಳಕ್ಕೆ ಅಟ್ಟಬೇಕು. ಬಂದಷ್ಟು ತಲೆ ಒಳಗೆ ಹೋಗದಿದ್ದರೆ ಪ್ರೊಜೆಕ್ಟರ್ ತಿರುಗುವುದಿಲ್ಲ. ಒಳಗೆ ಹೋದವರು ಮತ್ತೆ ಬರುವುದು ಮುಂದಿನ ಇಂಟರ್ವಲ್‌ಗೇ. ಯಂಕೋಬ ಈ ಕೆಲಸದಲ್ಲಿ ತನ್ನಷ್ಟು ಚುರುಕು ಯಾರೂ ಇಲ್ಲವೆಂದು ಹೇಳಿಕೊಂಡು ತಿರುಗುತ್ತಿದ್ದ. ಒಂದು ನೋಟಕ್ಕೇ ಯಾರು ಸಿನಿಮಾದವರು, ಯಾರು ನಮ್ಮವರು ಎಂದು ಗೊತ್ತಾಗುತ್ತದಂತೆ.

ನನ್ನ ಹೆಸರು ಫಕ್ಕೀರವ್ವ. ನಮ್ಮ ಮನೆಯವರು ರೀಲಿನ ಡಬ್ಬಿಗಳನ್ನು ಬಸ್ಸಿಗೆ ಹಾಕಿಕೊಂಡು ಊರಿಂದೂರಿಗೆ ಮುಟ್ಟಿಸುತ್ತಾರೆ. ನಮಗೆ ಒಬ್ಬಳೇ ಮಗಳು, ಕಸ್ತೂರಿ, ನಾಲ್ಕನೆಯ ಕ್ಲಾಸು. ಅವಳು ಇನ್ನೂ ಸಾಲಿಗೆ ಹೋಗುವ ಮೊದಲೇ ಬಾಯಿಯ ಮೂಲೆಯಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿತು. ಆಮೇಲೆ ಎರಡೂ ಕಣ್ಣಿನ ಸುತ್ತ, ಆಮೇಲೆ ಕೈಗಳಿಗೆ. ನೋಯುವುದಿಲ್ಲ, ತುರಿಸುವುದಿಲ್ಲ, ಯಾರಿಗೂ ಅಂಟುವುದಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ನನಗೆ ಹೇಳಿದರು, ಊರಿಗೆ ಹೇಳುವವರು ಯಾರು? ಚಹಾಕ್ಕೆ ಬಂದ ಹೆಂಗಸರು ಅವಳ ಗದ್ದ ಹಿಡಿದು, 'ಅಯ್ಯ, ಹೆಣ್ಣು ಕೂಸು ನೋಡವ್ವಾ' ಎಂದು ಲೊಚಗುಟ್ಟುತ್ತಿದ್ದರು. ಸಾಲಿಯಲ್ಲಿ ಕೈ ಕೈ ಹಿಡಿದು ಸುತ್ತು ನಿಲ್ಲುವ ಆಟಕ್ಕೆ ಅವಳ ಎರಡೂ ಪಕ್ಕದ ಹುಡುಗಿಯರು ಲಂಗದ ಚುಂಗು ಹಿಡಿದುಕೊಳ್ಳಲು ಕೊಡುತ್ತಿದ್ದರಂತೆ, ಕೈ ಕೊಡುತ್ತಿರಲಿಲ್ಲ. ಅದನ್ನು ಅವಳು ನನಗೆ ಹೇಳಿದ್ದು ನಗುನಗುತ್ತಲೇ. ನನಗೆ ಆ ದಿನ ಊಟ ಸೇರಲಿಲ್ಲ.

ಆ ಸಿನಿಮಾ ಬಂದಿದ್ದು ಮಕ್ಕಳ ಚಿತ್ರ ಸಪ್ತಾಹಕ್ಕೆ. ಜಪಾನಿನದು. ಮನುಷ್ಯರು ಪಾತ್ರ ಮಾಡಿದ್ದಲ್ಲ, ಒಂದೊಂದೇ ಚಿತ್ರ ಕೈಯಿಂದ ಬಿಡಿಸಿ ಓಡಿಸಿದ್ದು. ಮಾತು ಅವರ ಭಾಷೆಯಲ್ಲಿ, ಕೆಳಗೆ ಕನ್ನಡ ಅಕ್ಷರ. ಓದಲು ಬರುವವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದರಿಂದ ಟಾಕೀಸೇ ಒಂದು ಸಾಲಿಯಾಗಿತ್ತು. ಕಥೆ ಸಣ್ಣದು. ತೋಮೊ ಎನ್ನುವ ಹುಡುಗಿಯ ಅಜ್ಜನ ದೋಣಿಗೆ ಗಾಳಿ ಇಲ್ಲ. ಗಾಳಿಯನ್ನೆಲ್ಲ ಒಂದು ಗುಡ್ಡದೊಳಗೆ ಕೂಡಿಹಾಕಿದ್ದಾರೆ. ಮೋಡದ ಮೇಲೆ ಒಂದು ಸಂತೆ ಇದೆ, ಅಲ್ಲಿಯ ಮಂದಿಯನ್ನು ಜೊತೆ ಮಾಡಿಕೊಂಡು ಹುಡುಗಿ ಹಗ್ಗದ ಸೇತುವೆ ದಾಟಿ ಆ ಕಡೆಯ ಗಂಟೆ ಬಾರಿಸಬೇಕು. ಬಾರಿಸಿದರೆ ಗಾಳಿ ಬಿಡುಗಡೆಯಾಗುತ್ತದೆ, ಅವಳು ಮನೆಗೆ ಹೋಗುತ್ತಾಳೆ.

ಜಪಾನಿನವರು ಇಂಟರ್ವಲ್ ಇಟ್ಟು ಸಿನಿಮಾ ಮಾಡುವುದಿಲ್ಲವಂತೆ. ಎಲ್ಲಿ ನಿಲ್ಲಿಸಬೇಕೆನ್ನುವುದು ಆಪರೇಟರ್ ಮೌಲಾಸಾಬರ ತಲೆಗೆ ಬಿತ್ತು. ಸಂತೆ ಮುಗಿದು ಎಲ್ಲರೂ ಸೇತುವೆಯ ಕಡೆ ಹೊರಡುವ ಹೊತ್ತಿಗೆ ಅವರು 'ವಿಶ್ರಾಂತಿ' ಎಂಬ ಗಾಜಿನ ಸ್ಲೈಡು ಹಾಕಿದರು. ಹೀಗಾಗಿ ಇಡೀ ಸಂತೆಯೇ ನನ್ನ ಕ್ಯಾಂಟೀನಿಗೆ ಬಂತು. ತಲೆಯ ಜಾಗದಲ್ಲಿ ಕಂದೀಲು ಇರುವವನು, ಕೊಕ್ಕರೆಯ ಕುತ್ತಿಗೆಯ ಹೆಂಗಸು, ಮೈತುಂಬ ಕೂದಲಿನ ಮೂರು ಕಣ್ಣಿನ ದೈತ್ಯ, ಕೈಕಾಲು ಬಂದ ಒಂದು ಬಕೆಟ್ಟು. ಮೊದಲ ದಿನ ಊರವರು ಗೋಡೆಗೆ ಹತ್ತಿಕೊಂಡು ನಿಂತಿದ್ದರು. ಮೂರನೆಯ ದಿನದ ಹೊತ್ತಿಗೆ ಕಂದೀಲಿನವನ ಬೆಂಕಿಯಲ್ಲಿ ಬೀಡಿ ಹಚ್ಚಿಕೊಂಡು ಅವನ ಜೊತೆಗೇ ಬೆಂಚಿನ ಮೇಲೆ ಕೂತಿದ್ದರು. ಬಿಡಿಸಿದ ಮಂದಿಯಾದ್ದರಿಂದ ಹಬೆ ಬಡಿದರೆ ಬೆರಳಿನ ಬಣ್ಣ ಕದಡುತ್ತಿತ್ತು, ನಾನು ಅವರಿಗೆ ಚಹಾ ಆರಿಸಿ ಕೊಡುತ್ತಿದ್ದೆ. ಬಕೆಟ್ಟಿಗೆ ಎಷ್ಟು ಹಾಕಿದರೂ ಸಾಲದು. ಅದನ್ನು ಬೈದರೂ ಅದು ನನ್ನ ಹಿಂದೆಯೇ ತಿರುಗುತ್ತಿತ್ತು.

ಕಸ್ತೂರಿಗಂತೂ ಹುಚ್ಚು ಹಿಡಿದಿತ್ತು. ಸಾಲಿ ಬಿಟ್ಟ ಕೂಡಲೇ ಓಡಿ ಬರುವುದು, ಲೋಟದ ಸ್ಟ್ಯಾಂಡು ಹಿಡಿದು ಅವರ ನಡುವೆ ತಿರುಗುವುದು, ಒಬ್ಬೊಬ್ಬರ ಮುಖವನ್ನೂ ನೋಡುವುದು. ಚಹಾ ಕೊಡುವ ನೆವದಲ್ಲಿ ಹುಡುಗಿ ಏನೋ ಹುಡುಕುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು, ಕೇಳಿರಲಿಲ್ಲ. ಐದನೆಯ ದಿನ ಅವಳೇ ಒಲೆಯ ಹತ್ತಿರ ಬಂದು ಕೂತಳು.

"ಅವ್ವಾ, ಮೂರು ಕಣ್ಣಿನಾಂವ ಅದಾನ, ಕೊಕ್ಕರಿ ಕುತ್ತಿಗಿಯಾಕಿ ಅದಾಳ. ಬಕೀಟಿಗೂ ಕಾಲು ಬರಿಸ್ಯಾರ. ಆದ್ರ ಮನಷ್ಯಾರ ಹುಡುಗ್ಯಾರನ್ನ ಎಲ್ಲಾರನೂ ಒಂದ ಥರ ತಗದಾರ ನೋಡು. ತೋಮೊನೂ ಹಂಗ, ಆಕಿ ಗೆಳತ್ಯಾರೂ ಹಂಗ. ಎಲ್ಲಾರೂ ಬೆಳ್ಳಗ, ಒಂದ ಮೂಗು. ಮಚ್ಚಿ ಇರೋ ಹುಡುಗಿ ಒಬ್ಬಾಕೀನೂ ಇಲ್ಲ."

"ಅವರ ಬಣ್ಣ ಮುಗದಿರಬೇಕು ಬಿಡು, ಲೋಟ ತೊಳಿ ನಡಿ," ಎಂದೆ ನಾನು.

ಅವಳು ಲೋಟ ತೊಳೆಯಲು ಹೋದಳು. ಅವಳು ಹೇಳಿದ್ದು ಖರೆ ಇತ್ತು. ಬಾಲದವರು, ಕೋಡಿನವರು, ಜಗತ್ತಿನಲ್ಲೇ ಇಲ್ಲದವರಿಗೆಲ್ಲ ಆ ಸಂತೆಯಲ್ಲಿ ಜಾಗ ಸಿಕ್ಕಿತ್ತು. ಜಗತ್ತಿನಲ್ಲಿ ಇದ್ದೇ ಇರುವ ನನ್ನ ಮಗಳಂಥವಳು ಮಾತ್ರ ಬಿಡಿಸುವವನ ಕಣ್ಣಿಗೆ ಬಿದ್ದಿರಲಿಲ್ಲ. ಅವನೇನು ಬೇಕೆಂದೇ ಬಿಟ್ಟಿರಲಿಕ್ಕಿಲ್ಲ. ಆದರೂ ನನಗೆ ಸಿಟ್ಟು ಬಂತು, ಆ ಸಿಟ್ಟನ್ನು ಭಜಿಯ ಹಿಟ್ಟಿನ ಮೇಲೆ ತೀರಿಸಿಕೊಂಡೆ.

ಸಪ್ತಾಹದ ಕೊನೆಯ ದಿನ, ಮ್ಯಾಟನಿ. ಅದೇ ಕೊನೆಯ ಆಟ. ಆಟ ಮುಗಿದ ಕೂಡಲೇ ನಮ್ಮ ಮನೆಯವರು ಡಬ್ಬಿ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೋಗಬೇಕು. ಬೀಳ್ಕೊಡುವ ಇಂಟರ್ವಲ್ ಎಂದು ಊರಿಗೆ ಊರೇ ಬಂದಿತ್ತು. ಕೊಕ್ಕರೆ ಕುತ್ತಿಗೆಯವಳಿಗೆ ಯಾರೋ ಕುಪ್ಪಸದ ಕಣ ಕೊಟ್ಟು ಕುಂಕುಮ ಹಚ್ಚಿದರು. ಗದ್ದಲವೆಂದರೆ ಗದ್ದಲ. ಬೆಲ್ಲು ಆಯಿತು, ಯಂಕೋಬ 'ನಡೀರಿ, ನಡೀರಿ' ಎಂದು ಬೆತ್ತ ಬಡಿಯುತ್ತ ಅಟ್ಟಿದ, ಪ್ರೊಜೆಕ್ಟರ್ ತಿರುಗಿದ ಸದ್ದು ಬಂತು. ನಾನು ಉಸ್ಸೆಂದು ಕೂತು, ಲೋಟ ತೊಳೆಯಲು ಕಸ್ತೂರಿಯನ್ನು ಕರೆದೆ. ಎರಡನೆಯ ಸಲ ಕರೆಯುವಷ್ಟರಲ್ಲಿ ಟಾಕೀಸಿನೊಳಗೆ ಮಂದಿ ಹೋ ಎಂದು ಕೂಗಿದರು.

"ಏ, ಅದು ನಮ್ಮ ಕ್ಯಾಂಟೀನ್ ಹುಡುಗಿ ಅಲ್ಲೇನೋ!"

ನಾನು ಹೇಗೆ ಒಳಗೆ ಓಡಿದೆನೋ ನೆನಪಿಲ್ಲ. ಪರದೆಯ ಮೇಲೆ ಸೇತುವೆಯ ಈ ಕಡೆ ಸಂತೆಯ ಮಂದಿಯೆಲ್ಲ ನಿಂತಿದ್ದರು, ಅವರ ನಡುವೆ ಲೋಟದ ಸ್ಟ್ಯಾಂಡು ಹಿಡಿದುಕೊಂಡು ನನ್ನ ಮಗಳು. ಅವಳೂ ಬಿಡಿಸಿದ ಚಿತ್ರವಾಗಿದ್ದಳು. ಕಣ್ಣಿನ ಸುತ್ತಲಿನ ಬಿಳುಪು, ಬಾಯಿಯ ಮೂಲೆಯದು, ಎಡಗೈಯ ಹೆಬ್ಬೆರಳಿನದು, ಒಂದು ಮಚ್ಚೆಯೂ ತಪ್ಪದ ಹಾಗೆ ಯಾರೋ ಸಮಾಧಾನದಿಂದ ಕೂತು ಬಿಡಿಸಿದಂತಿತ್ತು. ಅವಳು ಅತ್ತ ಇತ್ತ ನೋಡುತ್ತಿದ್ದಳು.

ತೋಮೊ ಎಲ್ಲಿ? ಫಸ್ಟ್ ಕ್ಲಾಸಿನ ಕುರ್ಚಿಯಲ್ಲಿ ಕಾಲು ಆಡಿಸುತ್ತ, ಚಕ್ಕುಲಿ ತಿನ್ನುತ್ತ ಕೂತಿದ್ದಳು. ನಾನು ಯಂಕೋಬನ ಅಂಗಿಯ ಕೊರಳಪಟ್ಟಿ ಹಿಡಿದೆ.

"ಯಾರನ್ನ ಅಟ್ಟೀಯೋ ಒಳಗ? ನನ್ನ ಮಗಳನ್ನ ಅಟ್ಟೀಯಲ್ಲೋ!"

ಅವನು ಪರದೆ ನೋಡಿದ, ಕುರ್ಚಿ ನೋಡಿದ. "ಅಕ್ಕಾ, ಸಣ್ಣ ಬಾಗಲದ ಓಣ್ಯಾಗ ಕತ್ತಲಿತ್ತು. ಆಕಿ ಮುಖ ಬಿಡಿಸಿದಂಗ ಕಾಣ್ತು. ಆ ಸಂತಿಯಾಕೀನ ಅನ್ಕೊಂಡೆ."

"ಮತ್ತ ಈಕೀನ್ನ ಯಾಕ ಬಿಟ್ಟಿ?"

"ಚೊಕ್ಕಟ ಇದ್ಲು. ಯಾರೋ ದೊಡ್ಡವರ ಮನೀ ಹುಡುಗಿ ಅನ್ಕೊಂಡು ಕುರ್ಚಿ ಒರೆಸಿ ಕುಂಡ್ರಿಸಿದೆ."

ಅವನಿಗೆ ಹೊಡೆಯುವಷ್ಟು ಸಿಟ್ಟಿತ್ತು, ಹೊಡೆಯುವಷ್ಟು ಪುರುಸೊತ್ತಿರಲಿಲ್ಲ. ಆಟ ಮುಗಿದರೆ ಡಬ್ಬಿ ಮುಚ್ಚುತ್ತಾರೆ. ಆಮೇಲೆ ಅವಳ ಅಪ್ಪನೇ ತನಗೆ ಗೊತ್ತಿಲ್ಲದೆ ಅವಳನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ಹಾಕುತ್ತಾರೆ. ಮುಂದಿನ ಊರುಗಳಲ್ಲಿ ಇಂಟರ್ವಲ್‌ಗೆ ಯಾರೂ ಹೊರಗೆ ಬರುವುದಿಲ್ಲ, ಅದು ನಮ್ಮೂರಲ್ಲಿ ಮಾತ್ರ. ನಾನು ಮೆಟ್ಟಿಲು ಹತ್ತಿ ಮೌಲಾಸಾಬರ ಕ್ಯಾಬಿನ್ನಿಗೆ ಓಡಿದೆ.

ಮೌಲಾಸಾಬರು ಆಗಲೇ ಎಲ್ಲ ನೋಡಿದ್ದರು. ವಿಶ್ರಾಂತಿಯ ಸ್ಲೈಡನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು.

"ಇನ್ನೊಂದು ಇಂಟರ್ವಲ್ ಹಾಕ್ರಿ, ನಿಮ್ಮ ಕಾಲು ಹಿಡೀತೀನಿ."

"ಹಾಕತೀನವ್ವಾ. ಇಲ್ಲಂದವರು ಯಾರು? ಆದ್ರ ಈಗ ಹಾಕಾಕ ಬರೂದಿಲ್ಲ. ಆ ಕುದುರಿದು ಮರತೇನು?"

ಮರೆಯುವುದು ಹೇಗೆ? ಹಿಂದೆ ಒಂದು ರಾಜರ ಸಿನಿಮಾದಲ್ಲಿ ಅವಸರಕ್ಕೆ ಸೀನಿನ ನಡುವೆ ಕತ್ತರಿಸಿದ್ದರು. ಕುದುರೆಯ ಮುಂದಿನ ಅರ್ಧ ಮಾತ್ರ ಸಣ್ಣ ಬಾಗಿಲಿನಿಂದ ಹೊರಗೆ ಬಂದಿತ್ತು. ಹಿಂದಿನ ಅರ್ಧ ಪರದೆಯ ಮೇಲೆ ಒದೆಯುತ್ತಿತ್ತು. ಆ ದಿನದಿಂದ ಸೀನು ಪೂರ್ತಿ ಮುಗಿಯದೆ ಮೌಲಾಸಾಬರು ಸ್ಲೈಡು ಮುಟ್ಟಿದವರಲ್ಲ.

"ಈ ಸೀನು ಮುಗಿಯೂದು ಗಂಟಿ ಬಾರಿಸಿದ ಮ್ಯಾಲೆ," ಎಂದರು ಅವರು. "ಗಂಟಿ ಬಾರಿಸ್ತಾಳ, ಹಕ್ಕಿ ಹಾರತಾವ, ಪರದೆ ಬೆಳ್ಳಗ ಆಗತದ. ಅಲ್ಲಿ ಹಾಕತೀನಿ. ಒಂದು ಕೂದಲೂ ಕೊಂಕೂದಿಲ್ಲ."

"ಬಾರಿಸಲಿಲ್ಲಂದ್ರ?"

ಅವರು ತಿರುಗುತ್ತಿದ್ದ ರೀಲನ್ನು ತೋರಿಸಿದರು. "ಸೀನು ಮುಗಿಯೂದಿಲ್ಲ. ರೀಲು ಮುಗೀತದ."

ಕ್ಯಾಬಿನ್ನಿನಲ್ಲಿ ಅಂಗೈಯಗಲದ ಒಂದು ಕಿಂಡಿ ಇದೆ. ಅದಕ್ಕೆ ಮುಖ ಹಚ್ಚಿ ನಿಂತೆ. ಕಸ್ತೂರಿಗೆ ಎತ್ತರವೆಂದರೆ ಜೀವ ಹೋಗುತ್ತದೆ. ಮನೆಯ ಅಟ್ಟಕ್ಕೆ ಇಟ್ಟ ನಿಚ್ಚಣಿಕೆಯನ್ನೂ ಹತ್ತುವುದಿಲ್ಲ. ಪರದೆಯ ಮೇಲಿನ ಆ ಸೇತುವೆಯ ಕೆಳಗೆ ಮೋಡ ಬಿಟ್ಟರೆ ಬೇರೇನಿಲ್ಲ. ತೋಮೊ ಅದನ್ನು ಪ್ರತಿ ದಿನ ಕೂದಲು ಹಾರಿಸುತ್ತ ಓಡಿ ದಾಟುತ್ತಿದ್ದಳು, ಮಂದಿ ಸಿಳ್ಳೆ ಹಾಕುತ್ತಿದ್ದರು. ಈಗ ಸಂತೆಯ ಮಂದಿಯೆಲ್ಲ ನನ್ನ ಮಗಳ ಕಡೆ ತಿರುಗಿದರು. ತೋಮೊ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನೀನು ಯಾರು ಎಂದೂ ಕೇಳಲಿಲ್ಲ. ಕಂದೀಲಿನವನು ಬಗ್ಗಿ ನಮಸ್ಕರಿಸಿ ಏನೋ ಹೇಳಿದ. ಕೆಳಗೆ ಅಕ್ಷರ ಬಂತು: 'ಹುಡುಗಿ ಬಂದಳು. ಇನ್ನು ಹೊರಡೋಣ.'

ಅಷ್ಟು ಮಂದಿ ಮೂರು ಕಣ್ಣಿನವರು, ಕೊಕ್ಕಿನವರು, ಕೋಡಿನವರು ನೋಡಿದರೂ ಅವರಿಗೆ ಅವಳು ಹುಡುಗಿ. ನಮ್ಮೂರಿನ ಎರಡು ಕಣ್ಣಿನ ಯಂಕೋಬನಿಗೆ ಅದು ಕಂಡಿರಲಿಲ್ಲ. ಆ ಗಾಬರಿಯಲ್ಲೂ ನನಗೆ ಇದು ಚುಚ್ಚಿತು.

ಕಸ್ತೂರಿ ಸೇತುವೆಯ ತುದಿಗೆ ಬಂದು ಕೆಳಗೆ ನೋಡಿದಳು, ಹಿಂದಕ್ಕೆ ಸರಿದಳು. ಲೋಟದ ಸ್ಟ್ಯಾಂಡನ್ನು ಬಕೆಟ್ಟಿನ ಕೈಗೆ ಕೊಟ್ಟಳು. ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಸೇತುವೆಯ ಹಲಗೆಯ ಮೇಲೆ ಕೂತು, ಎರಡೂ ಕೈಯಿಂದ ಹಗ್ಗ ಹಿಡಿದು, ಕುಂಡಿಯ ಮೇಲೆ ಸರಿಯತೊಡಗಿದಳು. ಮಂದಿ ಗೊಳ್ಳೆಂದು ನಕ್ಕರು. ನಕ್ಕವರ ಮೇಲೆ ಮೇಲಿನಿಂದ ಏನಾದರೂ ಎಸೆಯಬೇಕೆನಿಸಿತು. ಆದರೆ ನಗು ಬೇಗ ನಿಂತುಹೋಯಿತು, ಏಕೆಂದರೆ ಅವಳು ನಡುಮಧ್ಯದಲ್ಲಿ ನಿಂತುಬಿಟ್ಟಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಸೇತುವೆ ಅಲ್ಲಾಡುತ್ತಿತ್ತು. ಮೌಲಾಸಾಬರು ರೀಲಿನ ಮೇಲೆ ಕಣ್ಣಿಟ್ಟು ತುಟಿಯಲ್ಲೇ ದುವಾ ಹೇಳುತ್ತಿದ್ದರು. ಒಳಗಿನವರಿಗೆ ನಮ್ಮ ದನಿ ಕೇಳಿಸುವುದಿಲ್ಲವೆಂದು ಊರಿಗೆಲ್ಲ ಗೊತ್ತು, ಆದರೂ ನಾನು ಕಿಂಡಿಯಲ್ಲಿ ಬಾಯಿಟ್ಟು 'ಮುಂದಕ್ಕ ಸರಿ, ನನ್ನವ್ವಾ, ಸರಿ' ಎಂದು ಕೂಗಿದೆ.

ಆಗ ಕೊಕ್ಕರೆ ಕುತ್ತಿಗೆಯವಳು ದಡದಲ್ಲಿಯೇ ಕೂತು, ಕುತ್ತಿಗೆಯನ್ನು ಸೇತುವೆಯ ಗುಂಟ ಉದ್ದಕ್ಕೆ ಚಾಚಿ, ಮುಖವನ್ನು ಅವಳ ಮುಖದ ಹತ್ತಿರ ತಂದಳು. ಏನೋ ಕೇಳಿದಳು. ಕೆಳಗಿನ ಅಕ್ಷರವನ್ನು ಟಾಕೀಸಿನ ತುಂಬ ಒಂದೇ ದನಿಯಲ್ಲಿ ಓದಿದರು: 'ನೀನು ಯಾರ ಮಗಳು?'

ಕಸ್ತೂರಿ ಕಣ್ಣು ತೆರೆಯದೆಯೇ ಹೇಳಿದಳು, "ಟಾಕೀಸ್ ಕ್ಯಾಂಟೀನ್ ಫಕ್ಕೀರವ್ವನ ಮಗಳು."

ಅವಳ ಮಾತಿಗೆ ಕೆಳಗೆ ಯಾವ ಅಕ್ಷರವೂ ಬರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ.

'ನಿನ್ನ ಅಮ್ಮ ಏನು ಮಾಡುತ್ತಾಳೆ?'

"ಚಾ ಮಾಡ್ತಾಳ." ಒಂದು ಹಲಗೆ ಮುಂದೆ ಸರಿದಳು. "ಭಜಿ ಮಾಡ್ತಾಳ." ಇನ್ನೊಂದು ಹಲಗೆ. "ಬೈತಾಳ."

ಟಾಕೀಸು ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಅಳು ಬಂತು. 'ಯಾರನ್ನು ಬೈಯುತ್ತಾಳೆ?' ಎಂದು ಕೊಕ್ಕರೆ ಕುತ್ತಿಗೆಯವಳು ಕೇಳಿದಳು. ಕಸ್ತೂರಿ ಊರಿನ ಅರ್ಧ ಮಂದಿಯ ಹೆಸರು ಹೇಳುತ್ತ ಹೋದಳು, ಒಂದು ಹೆಸರಿಗೆ ಒಂದು ಹಲಗೆ. ನಾನು ಅವರವರ ಬೆನ್ನ ಹಿಂದೆ ಆಡಿದ ಮಾತೆಲ್ಲ ಆ ಮಧ್ಯಾಹ್ನ ಪರದೆಯ ಮೇಲೆ ಬಯಲಾಯಿತು. ಹೆಸರು ಬಂದವರೆಲ್ಲ ಕೆಳಗೆ ಕೂತಿದ್ದರು. ಒಬ್ಬರೂ ಸಿಟ್ಟಾಗಲಿಲ್ಲ. ಹೇಳು, ಹೇಳು, ಇನ್ನೂ ಹೇಳು ಎಂದು ಅವರೇ ಕೂಗುತ್ತಿದ್ದರು.

ಹಾಗೆ ಆ ಕಡೆ ಮುಟ್ಟಿದಳು. ಗಂಟೆಯ ಕೆಳಗೆ ಹೋಗಿ ನಿಂತು ಕೈ ಎತ್ತಿದಳು. ಅದು ತೋಮೊಗೆಂದು ಬಿಡಿಸಿದ ಗಂಟೆ. ತೋಮೊ ಇವಳಿಗಿಂತ ಉದ್ದ, ಹಾರಿದರೆ ಸಿಗುತ್ತಿತ್ತು. ಇವಳು ಹಾರಿದಳು, ಸಿಗಲಿಲ್ಲ. ಇನ್ನೊಮ್ಮೆ ಹಾರಿದಳು. ಕೆಳಗೆ ಕುರ್ಚಿಯಲ್ಲಿದ್ದ ತೋಮೊ ಚಕ್ಕುಲಿ ಬಿಟ್ಟು ಎದ್ದು ನಿಂತು ತಾನೂ ಹಾರಿ ಹಾರಿ ತೋರಿಸುತ್ತಿದ್ದಳು. "ಸ್ವಲ್ಪ ಉಳದದ," ಎಂದರು ಮೌಲಾಸಾಬರು, ರೀಲನ್ನು ನೋಡುತ್ತ.

ಕಸ್ತೂರಿ ಹಾರುವುದು ಬಿಟ್ಟಳು. ಸೊಂಟದ ಮೇಲೆ ಕೈ ಇಟ್ಟುಕೊಂಡು, ಥೇಟ್ ನಾನು ಗಿರಾಕಿಗಳ ಮೇಲೆ ಒದರುವ ಹಾಗೆ ಈ ಕಡೆ ತಿರುಗಿ ಒದರಿದಳು.

"ನನಗ ಎಟಕೂದಿಲ್ಲ! ನೋಡ್ಕೋತ ನಿಂತೀರಲ್ಲಾ, ಯಾರಾರ ಬಂದು ಎತ್ತರಿ!"

ಸಂತೆಯ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಇಡೀ ವಾರದಲ್ಲಿ ಆ ಸೇತುವೆ ದಾಟಿದ್ದು ತೋಮೊ ಒಬ್ಬಳೇ, ಕಥೆಯೇ ಹಾಗಿತ್ತು. ಮೂರು ಕಣ್ಣಿನ ದೈತ್ಯ ತಲೆ ಕೆರೆದುಕೊಂಡ. ಆಮೇಲೆ ಹಲಗೆಯ ಮೇಲೆ ಒಂದು ಕಾಲಿಟ್ಟ. ಹಗ್ಗ ಕರಕರ ಎಂದಿತು. ಅವನು ದಡದಡನೆ ದಾಟಿ ಹೋಗಿ ನನ್ನ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅವಳು ಎರಡೂ ಕೈಯಿಂದ ಗಂಟೆಯ ನಾಲಿಗೆ ಹಿಡಿದು ಬಾರಿಸಿದಳು.

ಹಕ್ಕಿಗಳು ಹಾರಿದವು. ಪರದೆ ಬೆಳ್ಳಗಾಯಿತು. ಮೌಲಾಸಾಬರು ಸ್ಲೈಡು ತೂರಿಸಿದರು. 'ವಿಶ್ರಾಂತಿ.'

ಮೆಟ್ಟಿಲು ಇಳಿಯುವಾಗ ಎರಡು ಸಲ ಬಿದ್ದೆ. ಸಣ್ಣ ಬಾಗಿಲಿನಿಂದ ಮೊದಲು ಬಕೆಟ್ಟು ಬಂತು, ಲೋಟದ ಸ್ಟ್ಯಾಂಡು ಹಿಡಿದುಕೊಂಡು. ಅದರ ಹಿಂದೆ ಕಸ್ತೂರಿ. ಮೊದಲು ಅವಳ ಬೆನ್ನಿಗೆ 'ಎಲ್ಲಿ ಹೋಗಿದ್ದಿ' ಎಂದು ಒಂದು ಬಾರಿಸಿದೆ, ಆಮೇಲೆ ಅಪ್ಪಿಕೊಂಡು ನೆಲಕ್ಕೆ ಕೂತೆ. ಅವಳ ಕೈ ಮುಟ್ಟಿ ನೋಡಿದೆ, ಕಾಲು ಮುಟ್ಟಿ ನೋಡಿದೆ, ಕಿವಿ ಮುಟ್ಟಿ ನೋಡಿದೆ. ಎಲ್ಲ ಬೆಚ್ಚಗಿತ್ತು, ಎಲ್ಲ ಇತ್ತು. ಜೀವ ಬಂದಂತಾಯಿತು.

"ನಾ ಹೇಳಿದೆ ಅವ್ವಾ," ಎಂದಳು ಅವಳು ನನ್ನ ಕೊರಳಲ್ಲಿ ಮುಖವಿಟ್ಟು. "ನಾ ಕಸ್ತೂರಿ ಅಂತ ಹೇಳಿದೆ. ಯಂಕೋಬ ಮಾಮಾ ಕೇಳಿಸ್ಕೊಳ್ಳಲಿಲ್ಲ."

ಯಂಕೋಬ ಅಲ್ಲೇ ನಿಂತಿದ್ದ. ಬೆತ್ತವನ್ನು ಗೋಡೆಗೆ ಒರಗಿಸಿಟ್ಟಿದ್ದ, ಕಣ್ಣು ಕೆಂಪಾಗಿದ್ದವು. ಅವನನ್ನು ಸಮಾಧಾನ ಮಾಡುವ ಉಸಾಬರಿಗೆ ನಾನು ಹೋಗಲಿಲ್ಲ. ತೋಮೊಳ ಕೈ ಹಿಡಿದು ನಾನೇ ಸಣ್ಣ ಬಾಗಿಲಿಗೆ ಕರೆದುಕೊಂಡು ಹೋದೆ. ಅವಳ ಕೈ ಸುಣ್ಣದ ಗೋಡೆಯ ಹಾಗೆ ತಣ್ಣಗಿತ್ತು. ಅವಳದೇನು ತಪ್ಪು? ವಾರವಿಡೀ ಓಡಿ ಓಡಿ ದಣಿದ ಹುಡುಗಿ, ಕುರ್ಚಿ ಸಿಕ್ಕಿತು, ಕೂತಳು. ಉಳಿದ ಚಕ್ಕುಲಿಯನ್ನು ಅವಳ ಉಡಿಗೆ ಹಾಕಿದೆ. ಕೊಕ್ಕರೆ ಕುತ್ತಿಗೆಯವಳು ಎಲ್ಲರಿಗಿಂತ ಕೊನೆಗೆ ಒಳಗೆ ಹೋದಳು. ಹೋಗುವ ಮೊದಲು ಬಗ್ಗಿ ನನ್ನ ಮುಖವನ್ನು ಚೆನ್ನಾಗಿ ನೋಡಿ, ಬೈಯುವ ತಾಯಿ ಇವಳೇ ಎಂದು ಗುರುತು ಹಿಡಿದವಳ ಹಾಗೆ ನಕ್ಕಳು.

ಉಳಿದ ಸಿನಿಮಾವನ್ನು ಯಾರೂ ನೆಟ್ಟಗೆ ನೋಡಲಿಲ್ಲ. ಸಂಜೆ ನಮ್ಮ ಮನೆಯವರು ಡಬ್ಬಿ ಎತ್ತಿಕೊಂಡಾಗ ಕಸ್ತೂರಿಯ ಕೈ ನನ್ನ ಕೈಯಲ್ಲೇ ಇತ್ತು. ನಡೆದದ್ದನ್ನು ಕೇಳಿ ಅವರು ಡಬ್ಬಿಯನ್ನು ಕೆಳಗಿಟ್ಟರು, ಮಗಳನ್ನು ನೋಡಿದರು, ಮತ್ತೆ ಎತ್ತಿಕೊಂಡರು. ಬಸ್ಸು ಹೊರಟು ತಿರುವು ದಾಟಿದ ಮೇಲೆ ನನಗೆ ಹಸಿವಾಯಿತು. ಇಬ್ಬರೂ ಒಲೆಯ ಮುಂದೆ ಕೂತು ಉಳಿದ ಭಜಿಯನ್ನೆಲ್ಲ ಖಾಲಿ ಮಾಡಿದೆವು.

"ಅಲ್ಲಿ ನಿನ್ನ ಮುಖ ನೋಡಿ ಏನಾರ ಅಂದ್ರೇನ?" ಎಂದು ಕೇಳಿದೆ.

"ಮೂರು ಕಣ್ಣಿನಾಂವ ಕೇಳಿದ. ಎರಡ ಕಣ್ಣು ಅದಾವಲ್ಲ, ಸಾಕಾಗತಾವೇನ ನಿನಗ ಅಂತ."

"ಏನಂದಿ?"

"ಸಾಕಾಗತಾವ ಅಂದೆ."

ಯಂಕೋಬನಿಗೆ ಮಳೆಗಾಲ ಮುಗಿಯುವವರೆಗೂ ಸಕ್ಕರೆ ಇಲ್ಲದ ಚಹಾ ಕೊಟ್ಟೆ. ತುಟಿ ಪಿಟಕ್ಕೆನ್ನದೆ ಕುಡಿದ. ಈಗ ಅವನು ಒಬ್ಬೊಬ್ಬರನ್ನೂ ಹೆಸರು ಕೇಳಿ ಒಳಗೆ ಬಿಡುತ್ತಾನೆ, ಸೆಕೆಂಡ್ ಹಾಫು ತಡವಾದರೂ ಊರಿನವರು ಗೊಣಗುವುದಿಲ್ಲ. ಸಾಲಿಯ ಹುಡುಗಿಯರು ಕಸ್ತೂರಿಗೆ ಕೈ ಕೊಡುವುದಕ್ಕೆ ಜಗಳವಾಡಿದರಂತೆ, ಎರಡು ವಾರ. ಆಮೇಲೆ ಅವರಲ್ಲಿ ಕೆಲವರು ಮತ್ತೆ ಲಂಗದ ಚುಂಗಿಗೆ ಇಳಿದರು. ಕೆಲವರು ಇಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ, ಆಟವಿಲ್ಲದ ಹೊತ್ತು. ನಾನು ಬಳ್ಳೊಳ್ಳಿ ಸುಲಿಯುತ್ತಿದ್ದೆ, ಕಸ್ತೂರಿ ಬೆಂಚಿನ ಮೇಲೆ ಪಾಟಿ ಬಳಪ ಹಿಡಿದು ಗಣಿತ ಮಾಡುತ್ತಿದ್ದಳು. ಗುರುತಿಲ್ಲದ ಒಬ್ಬ ಹೆಂಗಸು ಬಸ್ಸಿಳಿದು ಬಂದು, ಬಾಗಿಲಲ್ಲಿ ನಿಂತು, ಮಗಳನ್ನೇ ದಿಟ್ಟಿಸಿ ನೋಡತೊಡಗಿದಳು. ಇಂಥ ನೋಟ ನನಗೆ ಹೊಸದಲ್ಲ. ಭಜಿ ಕರಿಯುವ ಝಾರಿ ಕೈಗೆತ್ತಿಕೊಂಡೇ ಎದ್ದೆ.

"ಏನ ಬೇಕಾಗಿತ್ತು? ಚಾ ಬೇಕಂದ್ರ ಕುಂಡ್ರಿ, ಮುಖ ನೋಡಾಕ ಬಂದಿದ್ರ ನಡೀರಿ."

"ಸಿಟ್ಟ ಆಗಬ್ಯಾಡ್ರೆಕ್ಕಾ," ಎಂದಳು ಅವಳು. "ಫಕ್ಕೀರವ್ವ ಅಂದ್ರ ನೀವೇನು? ನಮ್ಮೂರಾಗ ಒಂದು ಸಿನಿಮಾ ಬಂದಿತ್ತು, ಜಪಾನದ್ದು. ಅದರಾಗ ಒಬ್ಬಾಕಿ ಹುಡುಗಿ ಸೇತುವಿ ದಾಟಿ ಗಂಟಿ ಬಾರಿಸ್ತಾಳ. ಫಕ್ಕೀರವ್ವನ ಮಗಳು ಅಂತಾಳ. ಆ ಡಬ್ಬಿ ಯಾವ್ಯಾವ ಊರಿನಿಂದ ಬಂತು ಅಂತ ಕೇಳ್ಕೋತ, ಕೇಳ್ಕೋತ ಬಂದೆ."

ನಾನು ಝಾರಿ ಕೆಳಗಿಟ್ಟೆ. ಆ ಸೀನು ಹಾಗೆಯೇ ಉಳಿದುಬಿಟ್ಟಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಡಬ್ಬಿ ಎಷ್ಟು ಊರು ತಿರುಗಿತ್ತೋ, ಅಷ್ಟು ಊರುಗಳಲ್ಲಿ ನನ್ನ ಮಗಳು ಕುಂಡಿಯ ಮೇಲೆ ಸರಿದುಕೊಂಡು ಸೇತುವೆ ದಾಟಿದ್ದಳು.

"ಈಕಿ, ನನ್ನ ಮಗಳು, ಮನಿ ಬಿಟ್ಟು ಹೊರಗ ಬರತಿರಲಿಲ್ರಿ," ಎಂದಳು ಹೆಂಗಸು, ದನಿ ತಗ್ಗಿಸಿ. "ಸಾಲಿಗೂ ಒಲ್ಲೆ, ಜಾತ್ರಿಗೂ ಒಲ್ಲೆ. ಆ ಸಿನಿಮಾ ನೋಡಿದ ಮ್ಯಾಲೆ, ಆ ಹುಡುಗೀನ್ನ ನೋಡಬೇಕು ಅಂತ ತಾನ ಚಪ್ಪಲಿ ಹಾಕ್ಕೊಂಡು ಬಸ್ಸಿಗೆ ಬಂದ್ಲು."

ಆಗ ನಾನು ನೋಡಿದೆ. ಅವಳ ಬೆನ್ನ ಹಿಂದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಕಸ್ತೂರಿಗಿಂತ ಸಣ್ಣ ಒಂದು ಹುಡುಗಿ ನಿಂತಿತ್ತು. ಸೆರಗನ್ನು ಹಿಡಿದ ಬೆರಳುಗಳು ಬೆಳ್ಳಗಿದ್ದವು, ಒಂದು ಕಣ್ಣು ಮಾತ್ರ ಹೊರಗಿತ್ತು, ಅದರ ಸುತ್ತಲೂ ಬೆಳ್ಳಗಿತ್ತು. ಆ ಕಣ್ಣು ನನ್ನ ಮಗಳ ಮೇಲೆಯೇ ಇತ್ತು.

ಕಸ್ತೂರಿ ಪಾಟಿಯನ್ನು ಬದಿಗಿಟ್ಟಳು.

"ಗಂಟಿ ಬಾರಿಸಿದಾಕಿ ನೀನ?" ಎಂದಿತು ಸೆರಗಿನೊಳಗಿನ ದನಿ.

"ಹ್ಞೂಂ."

"ನಿನಗ ಅಂಜಿಕಿ ಬರಲಿಲ್ಲ?"

"ಭಾಳ ಬಂತು. ನೀ ನೋಡಿಲ್ಲೇನ, ಹೆಂಗ ದಾಟಿದೆ ಅಂತ?" ಕಸ್ತೂರಿ ನೆಲದ ಮೇಲೆ ಕೂತು, ಲಂಗ ಸಿಕ್ಕಿಸಿ, ಕ್ಯಾಂಟೀನಿನ ಈ ಗೋಡೆಯಿಂದ ಆ ಗೋಡೆಯ ಕಡೆ ಸರಿಯತೊಡಗಿದಳು. ನಡುವೆ ನಿಂತು, ಹಿಂದೆ ತಿರುಗಿ, "ಬಾ, ಇದೇನ ಕಷ್ಟ ಇಲ್ಲ," ಎಂದಳು.

ಆ ಹುಡುಗಿ ಕಿಸಕ್ಕನೆ ನಕ್ಕಿತು. ನಗುತ್ತ ನಗುತ್ತ ತಾಯಿಯ ಸೆರಗು ಬಿಟ್ಟಿತು.